ಕಾಣದ ಕೆಂಪು

"ಇದರಲ್ಲಿ ಯಾವ ಅಂಕಿ ಕಾಣ್ತಿದೆ?" ಕಣ್ಣಿನ ಡಾಕ್ಟರ್ ಸೌಂದರ್ಯ ಮತ್ತೆ ಕೇಳಿದರು.

ಚನ್ನೇಶ್ ಮುಂದಕ್ಕೆ ಬಾಗಿದ. "ಬರೀ ಚುಕ್ಕಿ ಮೇಡಂ. ಅಂಕಿ ಎಲ್ಲೂ ಇಲ್ಲ."

ಪಕ್ಕದಲ್ಲಿ ಕೂತಿದ್ದ ಅವನ ತಾಯಿ ಕಾಂತಮ್ಮನಿಗೆ ರೇಗಿತು. ಹಸಿರು ಚುಕ್ಕಿಗಳ ನಡುವೆ ಕೆಂಪಗೆ ಎಪ್ಪತ್ನಾಲ್ಕು ಎದ್ದು ಕಾಣುತ್ತಿತ್ತು. "ಕಣ್ಬಿಟ್ಟು ನೋಡೋ! ಇಷ್ಟು ದಪ್ಪಕ್ಕೆ ಬರ್ದವ್ರೆ!"

"ಎಲ್ಲಮ್ಮಾ?" ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ರೈಲು ಎಂಜಿನ್ ಓಡಿಸುವ ಕೆಲಸ ಸಿಕ್ಕೇಬಿಟ್ಟಿತು ಎನ್ನುವಾಗ ಕಣ್ಣಿನ ತಪಾಸಣೆಯಲ್ಲಿ ರೈಲ್ವೆಯವರು ಮಗನನ್ನು ವಾಪಸ್ ಕಳಿಸಿದ್ದರು. ಅವರೇ ಏನೋ ಎಡವಟ್ಟು ಮಾಡಿರಬೇಕೆಂದು ಅವಳು ಅವನನ್ನು ಅರಸೀಕೆರೆಯ ಈ ಕ್ಲಿನಿಕ್ಕಿಗೆ ಎಳೆದುಕೊಂಡು ಬಂದಿದ್ದಳು.

"ಕೆಂಪು, ಹಸಿರು ಇವರಿಗೆ ಹೆಚ್ಚೂಕಡಿಮೆ ಒಂದೇ ಥರ ಕಾಣುತ್ತೆ. ಹುಟ್ಟಿನಿಂದ ಬಂದಿದ್ದು," ಎಂದರು ಡಾಕ್ಟರ್.

"ಇವ್ರಪ್ಪನ ಕಡೆ ಯಾರಿಗೋ ಇದ್ದಿರ್ಬೇಕು."

"ಗಂಡುಮಕ್ಕಳಿಗೆ ಇದು ತಾಯಿಯಿಂದ ಬರುತ್ತಮ್ಮ. ನಿಮ್ಮಲ್ಲಿ ಎಕ್ಸ್ ಅನ್ನೋ ಕ್ರೋಮೋಸೋಮ್ ಎರಡಿವೆ. ಒಂದರಲ್ಲಿ ಕೊರತೆ ಇದ್ರೂ ಇನ್ನೊಂದು ನಿಭಾಯಿಸುತ್ತೆ. ಮಗನಿಗಿರೋದು ಒಂದೇ, ನೀವು ಕೊಟ್ಟಿದ್ದು." ಡಾಕ್ಟರ್ ಪುಸ್ತಕ ಮುಚ್ಚಿದರು. "ನಿಮಗೆ ನಿಮ್ಮ ತಂದೆಯಿಂದ ಬಂದಿರಬಹುದು. ಅವರಿಗೆ ಬಣ್ಣ ಸರಿಯಾಗಿ ಗೊತ್ತಾಗ್ತಿತ್ತಾ?"

ಕಾಂತಮ್ಮನಿಗೆ ಹೊಂಗೆ ಮರವೊಂದು ನೆನಪಾಯಿತು.

ಚನ್ನೇಶ್ ತೊಟ್ಟಿಲಲ್ಲಿದ್ದಾಗ ಹಾರನಹಳ್ಳಿ ಹತ್ತಿರ ಮೋರಿಯೊಂದು ಕುಸಿದಿತ್ತು. ಯಾರೋ ಪುಣ್ಯಾತ್ಮರು ಅಲ್ಲಿನ ಹೊಂಗೆ ಮರದ ಕೊಂಬೆಗೆ ಎಚ್ಚರಿಕೆಗೆಂದು ಕೆಂಪು ಬಟ್ಟೆ ಕಟ್ಟಿದ್ದರು. ಅವಳ ಅಪ್ಪ ದೇವೀರಪ್ಪ ಹಾಡಹಗಲೇ ಮೊಪೆಡ್ಡನ್ನು ನೇರ ಗುಂಡಿಗೆ ಇಳಿಸಿದ. ಹಿಂದೆ ಕೂತಿದ್ದ ಅವ್ವ ಮುತ್ತಮ್ಮ ಅಲ್ಲೇ ಹೋಗಿಬಿಟ್ಟಳು. "ಬಟ್ಟೆ ಇರ್ಲಿಲ್ಲ" ಎಂದು ಅವನು ಹೇಳುತ್ತಲೇ ಇದ್ದ. ಬಟ್ಟೆಯನ್ನು ಊರೇ ನೋಡಿತ್ತು. ಕುಡಿದಿದ್ದ ಅಂದರು. ಅವ್ವನನ್ನೂ ತಿಂದು ಸುಳ್ಳೂ ಹೇಳುತ್ತಾನೆಂದು ಅಂದಿನಿಂದ ಕಾಂತಮ್ಮ ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ತವರಿಗೆ ಹೋದರೂ ತಮ್ಮನ ಹೆಂಡತಿಯ ಜೊತೆ ಒಳಗೆ ಕೂತು ಎದ್ದು ಬರುತ್ತಿದ್ದಳು.

"ಹಳೇಬೀಡಿನ ಬಸ್ಸು ಎಷ್ಟೊತ್ತಿಗೈತೆ ನೋಡು," ಎಂದಳು ಮಗನಿಗೆ.

ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ ತಮ್ಮ ಕುಮಾರಸ್ವಾಮಿಯ ಮನೆ ಜಗಲಿ ಮೇಲೆ ಅಪ್ಪ ಬೀನ್ಸ್ ಬಿಡಿಸುತ್ತಿದ್ದ. ಮಗಳು ಎದುರಿಗೆ ಬಂದು ನಿಂತಿದ್ದು ಕಂಡು ಗಾಬರಿಯಾಗಿ ಎದ್ದ. "ಸೊಸೆ ಒಳಗವ್ಳೆ, ಹೋಗು," ಎಂದು ದಾರಿ ಬಿಟ್ಟ.

"ನಿಮ್ ಹತ್ರಾನೇ ಬಂದಿದ್ದು, ಅಪ್ಪಾಜಿ." ಕಾಂತಮ್ಮ ಅಲ್ಲಿಂದ ಕದಲಲಿಲ್ಲ. "ಅವತ್ತು ಹೊಂಗೆ ಮರದಲ್ಲಿ ನಿಮ್ಗೇನು ಕಾಣ್ತು?"

ಮುದುಕ ಮತ್ತೆ ಜಗಲಿ ಮೇಲೆ ಕೂತ. "ಎಲೆ. ಬರೀ ಎಲೆ ಕಣವ್ವ. ಎಲ್ರೂ ಬಟ್ಟೆ ಇತ್ತು ಇತ್ತು ಅಂದ್ರು. ಆಮೇಲಾಮೇಲೆ ನಾನೇ ನೋಡ್ದೆ ಹೋದೆ ಅನ್ಕಂಡೆ. ನಾನೇ ಕೊಂದೆ ಅನ್ಕಂಡೆ."

ಕಾಂತಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಡಾಕ್ಟರ್ ಹೇಳಿದ್ದನ್ನು ತಡವರಿಸುತ್ತಾ, ಹಿಂದುಮುಂದಾಗಿ ಹೇಳಿದಳು. ನಿಮ್ಮಿಂದ ನನಗೆ, ನನ್ನಿಂದ ಇವನಿಗೆ. ನಿಮ್ಮದೇನೂ ತಪ್ಪಿರಲಿಲ್ಲ ಎನ್ನುವಷ್ಟರಲ್ಲಿ ಅವಳಿಗೆ ಅಳು ಬಂತು.

ದೇವೀರಪ್ಪ ಅಳಲಿಲ್ಲ. ಮೊಮ್ಮಗನನ್ನೇ ನೋಡುತ್ತಿದ್ದ. "ಹಂಗಾದ್ರೆ... ಹುಡುಗನ ಕೆಲ್ಸ ಹೋಗಿದ್ದೂ ನನ್ನಿಂದ್ಲೇನಾ?"

ಸಮಾಧಾನ ಹೇಳಲು ಬಂದವಳು ಅವನಿಗೆ ಇನ್ನೊಂದು ಹೊರೆ ಹೊರಿಸಿದ್ದಳು.

ಚನ್ನೇಶ್ ಮೆಟ್ಟಿಲೇರಿ ತಾತನ ಪಕ್ಕಕ್ಕೆ ಬಂದು ಕೂತ. "ಬಿಡಿ ತಾತ, ಬೇರೆ ಕೆಲ್ಸ ನೋಡ್ಕೊಂಡ್ರಾಯ್ತು," ಎಂದ. ಆಮೇಲೆ, "ಆ ಬೇಲಿ ಹತ್ರ ಒಂದು ಗಿಡ ಐತಲ್ಲ, ಅದ್ಯಾವ್ದು?"

"ದಾಸವಾಳ."

"ಹೂ ಬಿಟ್ಟೈತಾ?"

ಮುದುಕ ಹಣೆಗೆ ಕೈ ಅಡ್ಡ ಹಿಡಿದು ನೋಡಿದ. "ಇಲ್ಲ ಅನ್ಸುತ್ತಪ್ಪ."

"ನಂಗೂ ಹಂಗೇ ಅನ್ಸುತ್ತೆ."

ಇಬ್ಬರೂ ಒಂದೇ ರೀತಿ ಕಣ್ಣು ಕಿರಿದು ಮಾಡಿಕೊಂಡು ಆ ಕಡೆಗೇ ನೋಡುತ್ತಾ ಕೂತರು. ಮೆಟ್ಟಿಲ ಮೇಲೆ ಕೂತಿದ್ದ ಕಾಂತಮ್ಮ ಬೇಲಿಯತ್ತ ತಿರುಗಿದಳು. ಗಿಡದ ತುಂಬ, ಎಲೆಗಿಂತ ಹೆಚ್ಚಾಗಿ, ಕೆಂಪು ಹೂಗಳು ಅರಳಿದ್ದವು.