ಎಬ್ಬಿಸದೆ ಬಿಟ್ಟ ನಿದ್ದೆ

ಅಕ್ಕೂರಿನ ನಟರಾಜುವಿನ ಹೆಂಡತಿ ದಿವ್ಯಳಿಗೆ ಕಾಮಾಲೆ ಬಂದಾಗ ಮನೆಯಲ್ಲಿ ಯಾರೂ ಅಷ್ಟಾಗಿ ಹೆದರಲಿಲ್ಲ. ಮರಳವಾಡಿ ಕಡೆಯಿಂದ ಸೊಪ್ಪಿನ ಔಷಧಿ ತಂದು ಕುಡಿಸಿದರು, ಉಪ್ಪಿಲ್ಲದ ಅನ್ನ ಮಜ್ಜಿಗೆಯ ಪಥ್ಯ ಹಿಡಿದರು. ಆಮೇಲೆ ಅವಳು ಹಗಲೆಲ್ಲ ಮಲಗತೊಡಗಿದಳು. ಮಾತಾಡಿಸಿದರೆ ತಲೆಬುಡವಿಲ್ಲದ್ದೇನೋ ಅಂದು ಮಗ್ಗುಲಾಗುತ್ತಿದ್ದಳು. ಅತ್ತೆ ಸಿದ್ದಮ್ಮ ಎಬ್ಬಿಸಲು ಹೋದರೆ ನಟರಾಜುವೇ ತಡೆದ. ರೇಷ್ಮೆ ಸಾಕುವ ಮನೆಯಲ್ಲಿ ಬೆಳೆದವನು. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡಲು ತಲೆಯೆತ್ತಿ ಅಲುಗದೆ ನಿಂತಾಗ, ಸೊಪ್ಪು ಹಾಕಬಾರದು, ತಟ್ಟೆ ಮುಟ್ಟಬಾರದು ಎಂಬುದು ಅವನ ಕೈಗೇ ಗೊತ್ತಿತ್ತು. ಎದ್ದ ಹುಳು ಮೊದಲಿಗಿಂತ ಚುರುಕು. ಇವಳೂ ಹಾಗೇ ಎದ್ದಾಳೆಂದು ಬಾಗಿಲು ಮುಂದಕ್ಕೆಳೆದು ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋದ.

ಮಾರನೆಯ ದಿನ ಅಲುಗಿಸಿದರೂ ಅವಳು ಸರಿಯಾಗಿ ಏಳದಿದ್ದಾಗ ರಾಮನಗರದ ಆಸ್ಪತ್ರೆಗೆ ಸೇರಿಸಿದರು. ಅಲ್ಲಿನ ಐಸಿಯುನಲ್ಲಿ ಡಾಕ್ಟರ್ ಸುಮನಾ ಸುತ್ತಿ ಬಳಸಿ ಹೇಳಲಿಲ್ಲ. ಲಿವರ್ ಕೈಕೊಟ್ಟಿದೆ, ಅದು ತೆಗೆಯಬೇಕಾದ ವಿಷ ಮಿದುಳಿಗೆ ಏರಿದೆ, ಆ ನಿದ್ದೆ ನಿದ್ದೆಯಲ್ಲ ಅಂದರು. ಕುಡಿಸಿದ ಸೊಪ್ಪಿನ ಔಷಧಿಯಿಂದಲೋ ವೈರಸ್ಸಿನಿಂದಲೋ ಈಗಲೇ ಹೇಳಲಾಗದು. ಕರೆದರೆ ಓಗೊಡುವಷ್ಟು ಎಚ್ಚರವಿರುವ ತನಕ ಇಲ್ಲೇ ನೋಡೋಣ. ಅದೂ ತಪ್ಪಿದರೆ ಉಸಿರಾಟಕ್ಕೆಂದು ಗಂಟಲಿಗೆ ನಳಿಗೆ ಹಾಕಿ, ಬೇರೆ ಲಿವರ್ ಜೋಡಿಸುವ ಬೆಂಗಳೂರಿನ ಆಸ್ಪತ್ರೆಗೆ ಕಳಿಸಬೇಕು.

ಚನ್ನಪಟ್ಟಣದ ಹಿನಾ ಅಲ್ಲಿ ನರ್ಸು. ಮತ್ತೆಮತ್ತೆ ಬಂದು ದಿವ್ಯಳ ಕಣ್ಣಿಗೆ ಟಾರ್ಚು ಬಿಡುವಳು, ಬೆರಳು ಚುಚ್ಚಿ ಸಕ್ಕರೆ ನೋಡುವಳು, ಎದೆಮೂಳೆಯ ಮೇಲೆ ಗೆಣ್ಣು ಒತ್ತಿ ಹೆಸರು ಕೇಳುವಳು. ನಟರಾಜುವಿಗೆ ನೋಡಲಾಗಲಿಲ್ಲ.

"ಒಸಿ ಮಲಗಕ್ಕೆ ಬುಡವ್ವ."

"ಮಲಗಕ್ಕೆ ಬುಟ್ಟೇ ಇಲ್ಲೀಗಂಟ ಬಂದಿರೋದು ಅಣ್ಣ," ಅಂದಳು ಹಿನಾ, ಬೈಯುವ ದನಿಯಿಲ್ಲದೆ. "ನೀವೇ ಒಂದ್ಸಲ ಕೂಗಿ ನೋಡಿ."

ಮದುವೆಯಾದಾಗಿನಿಂದ ಅವನು ಹೆಂಡತಿಯನ್ನು ಹೆಸರು ಹಿಡಿದು ಕರೆದವನಲ್ಲ. 'ಇವ್ಳೇ' ಅಂದರೆ ನಡೆಯುತ್ತಿತ್ತು. ಈಗ 'ದಿವ್ಯಾ' ಎಂಬುದು ಬೇರೆ ಯಾರದೋ ಹೆಸರಿನಂತೆ ಬಾಯಿಂದ ಬಂತು. ಅವಳ ರೆಪ್ಪೆ ಅದುರಿತು.

"ಬಾಗ್ಲಾಕು. ಹಲ್ಲಿ ಬತ್ತದೆ."

ಹುಳುಮನೆಗೆ ಹಲ್ಲಿ ನುಗ್ಗದಂತೆ ಕಾಯುವವಳ ಮಾತು. ಅವನಿಗೆ ಅಷ್ಟೇ ಸಾಕೆನಿಸಿತು. ಹಿನಾ ಟಾರ್ಚು ಜೇಬಿಗಿಟ್ಟಳು.

ಮಧ್ಯಾಹ್ನ ಕೂಗಿದಾಗ ಅದೂ ಇರಲಿಲ್ಲ. ಗೆಣ್ಣು ಒತ್ತಿದರೂ ಅವಳು ಮುಖ ಕಿವುಚಲಿಲ್ಲ. ಡಾಕ್ಟರು ಬಂದರು. ನಳಿಗೆ ಹಾಕಲು ಮೊದಲು ಸೂಜಿಯಲ್ಲಿ ಪೂರ್ತಿ ನಿದ್ದೆ ಬರಿಸಬೇಕು, ಮಿದುಳು ಬಾತಿದೆ, ಇನ್ನು ಅವಳು ಕೆಮ್ಮಬಾರದು, ಬೆಚ್ಚಬಾರದು, ಯಾರೂ ಕೂಗಿ ಎಬ್ಬಿಸಬಾರದು ಅಂದರು.

"ನೀವೇ ಮಲಗುಸ್ತೀರಾ?" ಅಂದ ನಟರಾಜು.

"ಹೌದು. ನೀವು ಒಪ್ಪಬೇಕು."

ಒಪ್ಪಿದ. ತನ್ನ ಲಿವರಿನಲ್ಲೊಂದು ತುಂಡು ಕೊಟ್ಟರೆ ಆದೀತೇ ಎಂದು ಕೇಳಿದ. ಮೊದಲು ರಕ್ತ ಹೊಂದಬೇಕು ಎಂದರು. ಪರದೆ ಎಳೆದರು.

ಹೊರಗೆ ಬೆಂಚಿನಲ್ಲಿದ್ದ ಸಿದ್ದಮ್ಮ, "ಏನಂದ್ರ್ಲಾ?" ಅಂದಳು.

"ಬೆಂಗ್ಳೂರ್ಗೆ ಕಳುಸ್ತಾರಂತೆ ಕಣವ್ವ."

ರಕ್ತ ತೆಗೆಯುವವನ ಮುಂದೆ ಕೂತು ಅಂಗಿಯ ತೋಳು ಮಡಿಸಿದ. ಆ ಕಡೆ ನೋಡಿ ಅಂದ ಅವನು. ನಟರಾಜು ತೋಳಿನ ಕಡೆಯೇ ನೋಡುತ್ತಿದ್ದ. ಸೂಜಿ ಒಳಗೆ ಹೋದದ್ದು ಕಂಡಿತೇ ಹೊರತು ನೋವಾಗಲಿಲ್ಲ.