ಮೂರನೇ ನಾಜಲ್

ಒಂದು ಹೆಜ್ಜೆ ತಪ್ಪುತ್ತಿದೆ, ಅಲ್ಲ ಎರಡು, ಕಿವಿ ಸುಳ್ಳು ಹೇಳುವುದಿಲ್ಲ, ಆರು ಸಿಲಿಂಡರಿನ ಎಂಜಿನ್ನು ಆರು ಕಾಲಲ್ಲಿ ನಡೆಯಬೇಕು, ಇದು ಮುಳ್ಳು ತುಳಿದ ಎತ್ತಿನ ಹಾಗೆ ಕುಂಟುತ್ತಿದೆ, ಢುಕು ಢುಕು ಢುಕು — ಖಾಲಿ — ಢುಕು — ಖಾಲಿ, ಆ ಖಾಲಿ ಬಂದಾಗೆಲ್ಲ ಯಮನಪ್ಪನ ಎದೆಯೂ ಒಂದು ಬಡಿತ ಬಿಟ್ಟು ಮುಂದೆ ಹೋಗುತ್ತದೆ, ಸೈಲೆನ್ಸರಿನ ಕರಿ ಹೊಗೆ ಶೆಡ್ಡಿನ ತಗಡಿಗೆ ತಾಗಿ ಸವದತ್ತಿ ರಸ್ತೆಯ ಕಡೆ ಹೊರಳುತ್ತದೆ, ಬೇವಿನ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತ ನಿಜಗುಣಪ್ಪ ಸಾವಕಾರರ ಬಿಳಿ ಅಂಗಿಯ ತನಕ ಹೋಗಿ ಸುಳಿಯುತ್ತದೆ, ಹೊಗೆಗೇನು, ಅದಕ್ಕೆ ಹೆದರಿಕೆಯಿಲ್ಲ, ಹೆದರಿಕೆ ಇರುವುದು ನಟ್ಟು ತಿರುವುವ ಪಾನಾ ಹಿಡಿದ ಕೈಗೆ. ಇಪ್ಪತ್ತೆರಡು ವರ್ಷದ ಈ ಲಾರಿ ಸಾವಕಾರರದು, ಇಂಥವು ಇನ್ನೂ ಐದು ಇವೆ, ಯಮನಪ್ಪನ ಶೆಡ್ಡು ನಿಂತ ಜಾಗವೂ ಅವರದೇ, ಮುಂದಿನ ಗಾಲಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತ ಡ್ರೈವರ್ ಬೀರಪ್ಪ ಮಾತ್ರ ಮೂರು ತಿಂಗಳಿಂದ ಯಾರವನೂ ಅಲ್ಲ. ಲೀಟರಿಗೆ ನಾಲ್ಕು ಕಿಲೋಮೀಟರ್ ಓಡುತ್ತಿದ್ದ ಗಾಡಿ ಮೂರಕ್ಕೆ ಇಳಿದ ದಿನದಿಂದ ಅವನು ಡೀಸೆಲ್ ಕಳ್ಳ. ನಿನ್ನೆ ರಾಮದುರ್ಗದಿಂದ ಹತ್ತಿ ಅಂಡಿಗೆ ಹೇರಿಕೊಂಡು ಬರುವಾಗ ಸವದತ್ತಿಯ ಏರಿನಲ್ಲಿ ಗಾಡಿ ಉಸಿರು ಬಿಟ್ಟು ನಿಂತಿತು, ಇವತ್ತು ಇಲ್ಲಿಗೆ ಎಳೆದು ತಂದಿದ್ದಾರೆ, ಫೈಸಲಾ ಆಗಲಿ ಯಮನ್ಯಾ, ಎನ್ನುತ್ತಾರೆ ಸಾವಕಾರರು, ಗಾಡಿ ಕೆಟ್ಟೈತೋ ಮನಷ್ಯಾ ಕೆಟ್ಟಾನೋ ನೀನ ಹೇಳು, ಗಾಡಿ ನೆಟ್ಟಗಿದ್ರ ಇಂವನ್ನ ಸೀದಾ ಸ್ಟೇಶನ್ನಿಗೆ ಒಯ್ತೇನಿ.

ಗಾಡಿ ಹೇಳಬೇಕು, ಗಾಡಿಯನ್ನೇ ಕೇಳಬೇಕು, ಒಂದೊಂದೇ ಸಿಲಿಂಡರಿನ ಬಾಯಿ ಬಿಡಿಸಬೇಕು. ಎಂಜಿನ್ನು ಓಡುತ್ತಿರುವಾಗಲೇ ಡೀಸೆಲ್ ಹೋಗುವ ಪೈಪಿನ ನಟ್ಟು ಸಡಿಲ ಮಾಡಬೇಕು, ಡೀಸೆಲ್ ಹೊರಗೆ ಚಿಮ್ಮುತ್ತದೆ, ಆ ಸಿಲಿಂಡರಿಗೆ ಉಪವಾಸ, ಎಂಜಿನ್ನು ಮುಗ್ಗರಿಸಿದರೆ ಅದು ಇಷ್ಟು ಹೊತ್ತು ದುಡಿಯುತ್ತಿತ್ತು ಎಂದು ಅರ್ಥ, ಮುಗ್ಗರಿಸದಿದ್ದರೆ ಮೊದಲೇ ಸತ್ತಿತ್ತು ಎಂದು. ಮನುಷ್ಯರಿಗೂ ಇದೇ ಪರೀಕ್ಷೆ ಇಟ್ಟರೆ, ಸಾವಕಾರರನ್ನು ಒಂದು ದಿನ ಸಡಿಲ ಮಾಡಿ ನೋಡಿದರೆ ಊರು ಮುಗ್ಗರಿಸುತ್ತದೆಯೇ — ಒಂದನೇದು, ಪಾನಾ ಕಾಲು ಸುತ್ತು, ಎಂಜಿನ್ನು ಅಡ್ಡಬಿದ್ದಂತಾಯಿತು, ಬಿಗಿ, ಇದು ದುಡಿಯುವ ಮಗ. ಎರಡನೇದು, ಸಡಿಲ, ಏನೂ ಇಲ್ಲ, ಅದೇ ಕುಂಟು, ಸತ್ತಿದೆ. ಏನಂತೈತೋ ಅಣ್ಣಾ, ಬೀರಪ್ಪ ಗಾಲಿಯ ಕಡೆಯಿಂದ ತಲೆ ಎತ್ತದೆ ಕೇಳುತ್ತಾನೆ, ಎರಡನೇದು ಉಣ್ಣವಲ್ದು ತಮ್ಮಾ, ಎನ್ನುತ್ತಾನೆ ಯಮನಪ್ಪ, ಉಂಡದ್ದ ತಪ್ಪ ಅನ್ನೂವಲ್ಲಿ ಉಣ್ಣದಿದ್ದದ್ದನ್ನ ಯಾಂವ ಕೇಳ್ತಾನ ಬಿಡಣ್ಣ, ಇನ್ನೂ ಚೇಷ್ಟೆ ಮಾಡುತ್ತಾನೆ, ಹೇಗೆ ಮಾಡುತ್ತಾನೆ, ಇವನ ಡೀಸೆಲ್ ಟಾಕಿಗೆ ಬೀಗ ಹಾಕಿದರು, ಬೀಗದ ಕೈ ಸಾವಕಾರರ ಮಗನ ಉಡದಾರದಲ್ಲಿ, ಆದರೂ ಗಾಡಿ ಮೂರೇ ಓಡಿತು, ಪೈಪಿನಿಂದ ಎಳೆಯುತ್ತಾನೆ ಎಂದರು, ಮಾರ್ಕೆಟ್ಟಿನಲ್ಲಿ ಲಾರಿ ನಿಂತರೆ ಸಾಕು, ಹಮಾಲರೂ ಕಿಲೀನರುಗಳೂ ಬಂದ್ನಪಾ ಡಬ್ಬಿ ಬೀರ್ಯಾ, ಅರ್ಧಾ ಡಬ್ಬಿ ಡೀಸೆಲ್ ನಮಗೂ ಕೊಡೋ ಎನ್ನುತ್ತಾರೆ, ಕಟಕೋಳದ ಸಾಲಿಯಲ್ಲಿ ಇವನ ಮಗಳು ರಾಣಿಯ ಬೆಂಚಿನ ಮೇಲೆ ಯಾರೋ ಸುಣ್ಣದ ಕಡ್ಡಿಯಲ್ಲಿ ಡಬ್ಬಿ ಬರೆದಿದ್ದರಂತೆ, ಅವಳು ಲಂಗದಿಂದ ಒರೆಸಿ ಅದರ ಮೇಲೇ ಕೂತಳಂತೆ, ಅದನ್ನು ಹೇಳುವಾಗಲೂ ಇವನು ನಕ್ಕಿದ್ದ, ಮೂಗಿನ ತುದಿಗೆ ಬಂದು ನಿಂತ ಬೆವರಿನ ಹನಿ ಬೀಳದೆ ನಡುಗುತ್ತಿತ್ತು.

ಮೂರನೇದು. ಕೈ ತಾನಾಗಿ ನಿಧಾನವಾಗುತ್ತದೆ. ನಾಲ್ಕು, ಐದು, ಆರು ಮೊದಲು ನೋಡಿಬಿಡೋಣ ಅನ್ನುತ್ತದೆ, ನೋಡಿದ, ನಾಲ್ಕು ಜೀವಂತ, ಐದು ಸತ್ತಿದೆ, ಆರು ಜೀವಂತ, ಇನ್ನು ಎಲ್ಲಿ ಓಡುತ್ತೀ, ಮೂರಕ್ಕೇ ಬಾ. ನಟ್ಟು ಸಡಿಲವಾಯಿತು, ಎಂಜಿನ್ನು ಒಂದಿಷ್ಟೇ ಮುಗ್ಗರಿಸಿತು, ಸತ್ತಿಲ್ಲ, ಆದರೆ ಅದಕ್ಕಿಂತ ಕೆಟ್ಟದ್ದಾಯಿತು, ಸೈಲೆನ್ಸರಿನ ಹೊಗೆ ತಿಳಿಯಾಯಿತು, ಕರಿ ಹೋಗಿ ಬೂದಿ, ಬೂದಿ ಹೋಗಿ ಏನೂ ಇಲ್ಲ, ಬಿಗಿ ಮಾಡಿದರೆ ಮತ್ತೆ ಕರಿ, ಸಡಿಲ, ತಿಳಿ, ಬಿಗಿ, ಕರಿ. ಅಂದರೆ ಈ ಮೂರನೇದು ಉಣ್ಣದೆ ಇಲ್ಲ, ಉಂಡದ್ದನ್ನು ಬಾಯಿ ಮುಚ್ಚದೆ ಸುರಿಸುತ್ತಿದೆ, ಸುಡದ ಡೀಸೆಲ್ಲೇ ಹೊಗೆಯಾಗುತ್ತಿದೆ, ಕಳುವಾದ ಡೀಸೆಲ್ ಇಲ್ಲಿದೆ, ಆಕಾಶದಲ್ಲಿದೆ, ಬೀರಪ್ಪನ ಡಬ್ಬಿಯಲ್ಲಿಲ್ಲ — ಮತ್ತು ಬೆರಳ ತುದಿಗೆ ಆ ಸದ್ದು ಬರುತ್ತದೆ, ಕಿವಿಗೆ ಕೇಳದ, ಉಗುರಿನ ಕೆಳಗೆ ಕೇಳಿದ, ಕಿರ್ ಅಂದ ಸದ್ದು. ಮೂರು ತಿಂಗಳ ಹಿಂದೆ, ದೀಪಾವಳಿಯ ಹಿಂದಿನ ದಿನ, ಇದೇ ಬೇವಿನ ಕೆಳಗೆ ಇದೇ ಕುರ್ಚಿ, ನವಿಲುತೀರ್ಥದ ಕಾಲುವೆ ಕೆಲಸಕ್ಕೆ ಖಡಿಕಲ್ಲು ಸಾಗಿಸಲು ಗಾಡಿ ಸಂಜೆಯೊಳಗೆ ಬೇಕು, ಡೀಸೆಲ್ ಬೀಸೂ ನಾಜಲ್ ಕಟ್ಟಿಕೊಂಡಾವ್ರಿ ಸಾವಕಾರ್ರ, ನಿಮ್ಮ ಡೀಸೆಲ್ ಬ್ಯಾರಲ್ಲಿನ ತುಕ್ಕೆಲ್ಲಾ ಇವುಗಳ ಬಾಯಾಗೈತಿ, ಹೊಸಾವ ಹಾಕೂಣ್ರಿ, ಹೊಸಾವಂತ, ನಿಮ್ಮಪ್ಪ ಹೊಸಾವ ಹಾಕ್ತಿದ್ನೇನಲೇ, ಚುಚ್ಚಿ ಕೊಡು. ಚುಚ್ಚಲು ನಾಜಲ್‌ನ ಸೂಜಿ ಬೇರೆಯೇ ಇರುತ್ತದೆ, ಕೂದಲಿನಷ್ಟು ಸಣ್ಣದು, ಅದು ಮುರಿದು ವಾರವಾಗಿತ್ತು, ಹುಬ್ಬಳ್ಳಿಯಿಂದ ತರಿಸಬೇಕು, ಕೆಲಸ ಕಲಿಸಿದ ಉಸ್ತಾದ ಸಾಯುವ ತನಕ ಹೇಳುತ್ತಿದ್ದ, ಬೇಟಾ, ಬ್ರೇಕಿನ ತಂತಿ ತುರುಕಬ್ಯಾಡ, ಒಳಗಿನ ಅಂಚು ಗೀರಿತಂದ್ರ ನಾಜಲ್ ಮತ್ತ ಬಾಯಿ ಮುಚ್ಚಂಗಿಲ್ಲ, ಮಂಜಿನಂಗ ಬೀಸಬೇಕು, ತಟ್ಟನ ನಿಲ್ಲಬೇಕು, ತುದಿಗೆ ಹನಿ ನಿಂತ್ರ ಆ ನಾಜಲ್ ಸತ್ತಂಗ. ಬೈಲಹೊಂಗಲದಿಂದ ರಾಮದುರ್ಗದವರೆಗೆ ಎಲ್ಲರೂ ತುರುಕುತ್ತಾರೆ, ಅರ್ಜೆಂಟ್ ಇದ್ದಾಗ ಯಾರು ತುರುಕುವುದಿಲ್ಲ, ಯಮನಪ್ಪನೂ ತುರುಕಿದ, ಮೂರನೇದರಲ್ಲಿ ತಂತಿ ಜಾರಿತು, ಕಿರ್, ಆಗಲೇ ಗೊತ್ತಾಯಿತು, ಗೊತ್ತಾಗಿಲ್ಲ ಎಂದುಕೊಂಡ, ಜೋಡಿಸಿದ, ಟೆಸ್ಟರಿಗೆ ಹಾಕಿ ನೋಡಲೂ ಇಲ್ಲ, ಗಾಡಿ ಹೋಯಿತು, ಅವತ್ತು ಪಟಾಕಿಯ ಹೊಗೆಯಲ್ಲಿ ಯಾವ ಹೊಗೆ ಯಾರದು. ಆ ತಂತಿಯ ಎಳೆ ಕೊಟ್ಟವನು ಯಾರು, ನನ್ನ ಬೈಕಿನ ಹಳೇ ಬ್ರೇಕ್ ವಾಯರ್ ಐತಿ ತಗೋ ಯಮನಣ್ಣ, ಲಗೂನ ಆಕ್ಕೈತಿ, ಹಬ್ಬಕ್ಕ ಹುಡುಗಿಗೆ ಉಡಾಕ ಅರಬಿ ತರೂದೈತಿ ನನಗ — ಬೀರಪ್ಪ. ತಾನೇ ಬಿಚ್ಚಿ ತಾನೇ ಕೊಟ್ಟ.

ಎಂಜಿನ್ನು ಬಂದಾಗಿದೆ, ಸದ್ದು ಹೋದ ಮೇಲೆ ಬಿಸಿಲು ಇನ್ನೂ ಜೋರು, ನಾಜಲ್ ಕೂತ ಆರೂ ಇಂಜೆಕ್ಟರು ಬಿಚ್ಚಿ ಚಿಮಣಿ ಎಣ್ಣೆಯ ತಾಟಿನಲ್ಲಿ ಸಾಲಾಗಿ ಮಲಗಿಸಿದ್ದಾನೆ. ಸಾವಕಾರರ ಮನೆಯಿಂದ ಚಹಾ ಬಂದಿದೆ, ಅವರಿಗೆ ಸ್ಟೀಲಿನ ಲೋಟ, ಯಮನಪ್ಪನಿಗೂ ಬೀರಪ್ಪನಿಗೂ ಕಾಗದದ ಕಪ್ಪು, ಈಗ ಎಷ್ಟು ಸಲೀಸು, ಯಾರೂ ಯಾರ ಜಾತಿಯನ್ನೂ ಕೇಳಬೇಕಿಲ್ಲ, ಕುಡಿದು ಮುದ್ದೆ ಮಾಡಿ ಎಸೆದರೆ ತೊಳೆಯುವ ಪಂಚಾಯತಿಯೂ ಇಲ್ಲ, ಮನುಷ್ಯನನ್ನೂ ಹಾಗೇ ಎಸೆಯಬಹುದು. ಟೆಸ್ಟರಿನ ಹಿಡಿಕೆ ಒತ್ತುತ್ತಾನೆ, ಒಂದನೇ ನಾಜಲ್ ಕರ್ ಕರ್ ಎಂದು ಮಂಜು ಬೀಸಿ ತಟ್ಟನೆ ನಿಂತಿತು, ಸರಿ. ಎರಡನೇದು ಒತ್ತಿದರೂ ಬಿಡುವುದಿಲ್ಲ, ಒಂದೇ ತೂತಿನಿಂದ ಉಚ್ಚೆಯ ಹಾಗೆ ಸಣ್ಣ ಧಾರೆ, ಐದನೇದೂ ಹಾಗೇ, ನೋಡ್ರಿ ಸಾವಕಾರ್ರ, ತುಕ್ಕು, ಕಟ್ಟಿಕೊಂಡೈತಿ, ನಾ ಅವತ್ತ ಹೇಳಿದ್ದೆ ಬ್ಯಾರಲ್ಲಿನ ತುಕ್ಕು ಅಂತ. ಮಾತು ನಿಲ್ಲಿಸಬಹುದು ಇಲ್ಲಿಗೆ. ಇದು ಸುಳ್ಳಲ್ಲ. ಬ್ಯಾರಲ್ ಅವರದು, ತುಕ್ಕು ಅವರದು, ಜಿಪುಣತನ ಅವರದು, ಬೀರಪ್ಪನೂ ಉಳಿದ, ಶೆಡ್ಡೂ ಉಳಿಯಿತು, ಮೂರನೇದನ್ನು ತಾಟಿನ ಕರಿ ಎಣ್ಣೆಯಲ್ಲಿ ಹಾಗೇ ಮುಳುಗಿಸಿ — ಆದರೆ ಸಾವಕಾರರು ಹೆಡ್ಡರಲ್ಲ, ಹೆಡ್ಡರಾಗಿದ್ದರೆ ಆರು ಲಾರಿ ಎಲ್ಲಿಂದ ಬರುತ್ತಿದ್ದವು, ಎದ್ದು ಬಂದಿದ್ದಾರೆ, ಅಲ್ಲಲೇ ಯಮನ್ಯಾ, ತೂತ ಕಟ್ಟಿದ್ರ ಡೀಸೆಲ್ ಕಡಿಮಿ ಹೋಗಬೇಕಲಾ, ಹೆಚ್ಚಿಗಿ ಹೆಂಗ ಹೋತು, ಕಟ್ಟಿದ ಬಾಯಿ ಹೆಚ್ಚಿಗಿ ಕುಡೀತದೇನು, ಹೇಳು. ಬೀರಪ್ಪ ಎದ್ದು ನಿಂತಿದ್ದಾನೆ. ಎರಡು ಸಿಲಿಂಡರ್ ಸತ್ರ ಉಳದಾವು ಹೆಚ್ಚಿಗಿ ಎಳೀಬೇಕಲ್ರಿ, ಎಂದು ಯಮನಪ್ಪನ ಬಾಯಿ ಹೇಳುತ್ತದೆ, ಸಾವಕಾರರು ಬಿಡುವುದಿಲ್ಲ, ಎಳದ್ರ ಚೂರು ಹೆಚ್ಚಾದೀತು, ನಾಲ್ಕಿದ್ದದ್ದು ಮೂರಕ್ಕ ಇಳೀತೈತೇನಲೇ, ಉಳದದ್ದು ಎಲ್ಲಿ ಹೋತು, ಇವನ ಡಬ್ಬಿಗೆ. ಇವನ ಡಬ್ಬಿಗೆ ಎಂದಾಗ ಬೀರಪ್ಪನ ಕೈಯ ಕಾಗದದ ಕಪ್ಪು ಮೆಲ್ಲಗೆ ಮುದುಡುತ್ತದೆ, ಚಹಾ ಮಣಿಕಟ್ಟಿಗೆ ಇಳಿಯುತ್ತದೆ, ಬಿಸಿ ಅನ್ನುವುದೂ ಅವನಿಗೆ ಗೊತ್ತಾಗುವುದಿಲ್ಲ.

ಸಾವಕಾರರು ಜೇಬಿನಿಂದ ಹಾಳೆಯ ಪೊಟ್ಟಣ ತೆಗೆದು ಬಂಪರಿನ ಮೇಲೆ ಬಿಚ್ಚುತ್ತಾರೆ, ಎಲ್ಲಮ್ಮನ ಗುಡ್ಡದ ಭಂಡಾರ, ಅರಿಶಿನದ ಪುಡಿ, ಕರಿ ಕಬ್ಬಿಣದ ಮೇಲೆ ಕಣ್ಣಿಗೆ ಹೊಡೆಯುವ ಹಳದಿ. ಮೂರು ತಿಂಗಳ ಹಿಂದೆ ಇದನ್ನೇ ಬೀರಪ್ಪನ ಮುಂದೆ ಹಿಡಿದಿದ್ದರು, ಮುಟ್ಟಿ ಹೇಳು ಡೀಸೆಲ್ ಮಾರಿಲ್ಲಂತ, ಅವನು ಕೈ ಹಿಂದೆ ಕಟ್ಟಿಕೊಂಡಿದ್ದ, ಹನ್ನೊಂದ ವರ್ಷ ಗಾಡಿ ಹೊಡದೇನ್ರಿ, ಒಂದ ದಿನ ಮುಟ್ಟ ಅಂದಿಲ್ಲ, ಇವತ್ತ ಮುಟ್ಟ ಅಂದ್ರ ನಾ ಮುಟ್ಟಂಗಿಲ್ರಿ, ಅಷ್ಟಕ್ಕೇ ಕಳ್ಳನಾದ, ಭಂಡಾರಕ್ಕೆ ಹೆದರಿದವನು ಎಂದು ಮೂರು ತಾಲೂಕು ತುಂಬ ಸಾರಿದರು, ಎಂದೂ ಯಾರ ಕೈಯಿಂದಲೂ ಮುಟ್ಟಿಸಿಕೊಳ್ಳದವರು ಮುಟ್ಟು ಮುಟ್ಟು ಎನ್ನುವುದು ಇದೊಂದನ್ನೇ. ಈಗ ಪೊಟ್ಟಣ ಯಮನಪ್ಪನ ಕಡೆ ತಿರುಗಿದೆ, ನೀ ಮುಟ್ಟಿ ಹೇಳಪಾ ಹಂಗಾದ್ರ, ತಪ್ಪ ಗಾಡೀದೋ ಇಂವಂದೋ, ನೀ ಏನ್ ಹೇಳಿದ್ರೂ ಕೇಳತೇನಿ, ಮತ್ತ ಶೆಡ್ಡಿನ ಜಾಗಾದ ಮಾತೂ ಇವತ್ತ ಮುಗಸೂಣು — ಶೆಡ್ಡಿನ ಮಾತು ಯಾಕೆ ತಂದರು, ತಗಡು, ಟೆಸ್ಟರು, ಇಪ್ಪತ್ತು ವರ್ಷ, ಉಸ್ತಾದನ ಫೋಟೋ, ಇವನು ಬೀರಪ್ಪ ಏನು ತನ್ನ ಅಣ್ಣನೇ ತಮ್ಮನೇ, ಯಮನಣ್ಣ ನೋಡಿದ್ರ ಗೊತ್ತಾಕ್ಕೈತಿ ಎಂದು ಊರ ತುಂಬ ಹೇಳಿಕೊಂಡು ಬಂದಿದ್ದಾನಂತೆ, ಯಾಕೆ ಹೇಳಬೇಕಿತ್ತು, ನಾನು ನೋಡಿದ್ದು ದೀಪಾವಳಿಯ ಹಿಂದಿನ ದಿನವೇ ಅಲ್ಲವೇ. ಕೈ ಭಂಡಾರದ ಹತ್ತಿರ ಹೋಗುತ್ತದೆ, ಮುಟ್ಟುವುದಿಲ್ಲ, ದಾಟಿ ಹೋಗುತ್ತದೆ, ಚಿಮಣಿ ಎಣ್ಣೆಯಲ್ಲಿ ಮುಳುಗಿ ಮೂರನೇ ನಾಜಲ್ ತೆಗೆಯುತ್ತದೆ, ಟೆಸ್ಟರಿಗೆ ತಿರುವುತ್ತದೆ, ಬಾರೋ ಬೀರಪ್ಪ, ನೀನ ಒತ್ತು. ನಾ ಯಾಕಣ್ಣ. ಒತ್ತೋ. ಕೈ ಮುಂದ ಹಿಡೀಬ್ಯಾಡ, ತೊಗಲ ಹರದ ಒಳಗ ಹೊಕ್ಕೈತಿ. ಬೀರಪ್ಪ ಒತ್ತುತ್ತಾನೆ, ಕರ್ ಕರ್ ಇಲ್ಲ, ಮಂಜು ಇಲ್ಲ, ಒಂದು ಹಾಳು ಧಾರೆ ಓರೆಯಾಗಿ ಹೋಗುತ್ತದೆ, ಒತ್ತುವುದು ನಿಲ್ಲಿಸಿದ ಮೇಲೂ ತುದಿಯಲ್ಲಿ ಹನಿ ಕೂಡುತ್ತದೆ, ದಪ್ಪವಾಗುತ್ತದೆ, ಬೀಳುತ್ತದೆ, ಮತ್ತೊಂದು ಕೂಡುತ್ತದೆ. ಭಂಡಾರ ಬ್ಯಾಡ್ರಿ ಸಾವಕಾರ್ರ, ಹನಿ ನೋಡ್ರಿ. ಡೀಸೆಲ್ ಇಲ್ಲೇ ಹೋಗೇತಿ. ನೀವು ಚುಚ್ಚಿ ಕೊಡು ಅಂದ್ರಿ, ನಾ ಚುಚ್ಚೇನಿ, ಬ್ರೇಕಿನ ತಂತೀಲೆ, ಒಳಗ ಗೀರೇತಿ, ಅವತ್ತ ನನಗ ಗೊತ್ತಾಗಿತ್ತು. ಇಷ್ಟು ಮಾತು ಹೊರಗೆ ಬಂತೋ ಒಳಗೇ ಉಳಿಯಿತೋ, ಬಂದಿರಬೇಕು, ಸಾವಕಾರರು ಪೊಟ್ಟಣ ಮಡಿಚುತ್ತಿದ್ದಾರೆ, ಅವರ ಕಣ್ಣು ನಾಜಲ್ ಮೇಲಿಲ್ಲ, ಶೆಡ್ಡಿನ ತಗಡಿನ ಮೇಲಿದೆ, ನೋಟವೇ ಒಂದೊಂದು ತಗಡು ಬಿಚ್ಚುತ್ತಿದೆ, ಬಿಚ್ಚಲಿ, ಬೀರಪ್ಪ ನಗುತ್ತಾನೆ ಈಗ, ಚೇಷ್ಟೆ ಮಾಡುತ್ತಾನೆ, ಮಾಡಬೇಕು, ಬೆನ್ನು ಚಪ್ಪರಿಸಬೇಕು — ಅವನು ನಗುವುದಿಲ್ಲ, ಹಿಡಿಕೆಯಿಂದ ಕೈ ತೆಗೆಯುವುದೂ ಇಲ್ಲ, ತಂತಿ ನನ್ನ ಬೈಕಿಂದು ಎಂದೂ ಅನ್ನುವುದಿಲ್ಲ, ಮೂರ ತಿಂಗಳ ಅಣ್ಣಾ, ಎನ್ನುತ್ತಾನೆ, ಅಷ್ಟೇ, ಮೂರ ತಿಂಗಳ, ಮತ್ತು ಯಮನಪ್ಪ ಅವನ ಮುಖ ನೋಡಲಾರದೆ ತುದಿಯನ್ನೇ ನೋಡುತ್ತಾನೆ, ಅಲ್ಲಿ ಹನಿ, ಕೂಡಿದ ಹನಿ, ಬಿಸಿಲು ಹೊಕ್ಕು ಹಳದಿಯಾದ ಹನಿ, ಬೀಳಲೊಲ್ಲದು, ಹನಿ