ಇಂಕು ಹರಡದ ಕಾರ್ಡು

ನಾಲಿಗೆಯ ತುದಿಗೆ ಕಾರ್ಡಿನ ಮೂಲೆ ತಾಗಿಸಿ ಮನಸ್ಸಿನಲ್ಲೇ ಮೂರು ಎಣಿಸಿದಳು, ಅಂಟಲಿಲ್ಲ, ಗಾಜಿನ ಕಪಾಟಿನ ಆಚೆಯಿಂದ ಅಂಗಡಿಯವನು ಕನ್ನಡಕ ಹಣೆಗೇರಿಸಿ ಮೇಡಂ ಅದು ತಿನ್ನೋದಲ್ಲ ಅಂದ, ಗೊತ್ತು ಬಿಡಿ, ನಾಲಿಗೆಗೆ ಅಂಟಿದರೆ ಕಾಗದಕ್ಕೆ ಗಂಜಿ ಸಾಲದು ಅಂತ ಅರ್ಥ, ಇದು ಅಕ್ಕ ಹೇಳಿಕೊಟ್ಟ ಪಾಠ, ಇಬ್ಬರೂ ಸೇರಿ ನಡೆಸುವ ಬೈಂಡಿಂಗ್ ಕೋಣೆಯಲ್ಲಿ, ಗೋಂದಿನ ಬಕೆಟ್ಟಿನ ಪಕ್ಕದಲ್ಲಿ ನಿಂತು — ಮೂಲೆ ಹಿಡಿದು ಅಲ್ಲಾಡಿಸು ಪುಟ್ಟೀ, ಗಲಗಲ ಅನ್ನಬೇಕು, ಬೆಳಕಿಗೆ ಹಿಡಿ, ಒಳಗೆ ಮೋಡ ಕಾಣಬಾರದು, ಕೊನೆಗೆ ಒಂದು ಹನಿ ಇಂಕು ಬಿಡು, ಹನಿ ನಿಂತರೆ ಅದು ಕಾಗದ, ಕಾಲು ಚಾಚಿದರೆ ಸಾಮಾನು ಕಟ್ಟೋಕೆ ಇಟ್ಕೋ. ಚೀಲದಿಂದ ಅಕ್ಕನ ಇಂಕ್ ಪೆನ್ನು ತೆಗೆದು ಮಾದರಿ ಕಾರ್ಡಿನ ಮೇಲೆ ಕೊಡವಿದಳು, ಹನಿ ಬಿತ್ತು, ನಿಂತಿತು, ದುಂಡಗೆ, ನೀಲಿ, ಒಳಗೆ ಅಂಗಡಿಯ ಬಾಗಿಲಷ್ಟೂ ಬೆಳಕು, ಅವಳಿಗೆ ನಗು ಬಂತು, ಬೆಳಿಗ್ಗೆಯಿಂದ ಎಲ್ಲದಕ್ಕೂ ನಗುವೇ, ಡಾಕ್ಟರು ಅಕ್ಕನಿಂದ ತೆಗೆದ ಗಂಟು ಕೆಟ್ಟದ್ದಲ್ಲ, ಹೊಲಿಗೆ ಒಣಗಿದ ಮೇಲೆ ಮನೆಗೆ ಕರ್ಕೊಂಡು ಹೋಗಿ ಅಂದಾಗ ಕೂಡ ನಕ್ಕಿದ್ದಳು, ಆ ವರದಿ ಎಂಥ ಕಾಗದದ್ದು, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ, ಅಕ್ಷರಗಳೆಲ್ಲ ಹಿಂದಕ್ಕೆ ಮೂಡಿದ್ದವು, ಅಷ್ಟು ಚೆಂದದ ಕಾಗದ ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಇದೇ ಕಾರ್ಡು ಆವತ್ತೂ ಇತ್ತು, ಮೇಲಿನ ಗೂಡಿನಲ್ಲಿ, ಎಡಗಡೆ. ಆಪರೇಷನ್ನಿಗೆ ಇನ್ನು ನಾಲ್ಕು ದಿನ ಅನ್ನುವಾಗ ಅಕ್ಕ ಆಸ್ಪತ್ರೆಯ ಮಂಚದಲ್ಲಿ ಕೂತು ಒಳ್ಳೇ ಕಾರ್ಡು ತಂದುಕೊಡೇ ಅಂದಿದ್ದಳು, ಮೂರು ಸಾಕು, ಮಗಳಿಗೊಂದು, ಅಣ್ಣನಿಗೊಂದು, ಮೂರನೇದು ಯಾರಿಗೆ ಅಂತ ಕೇಳಬೇಡ, ಮತ್ತೆ ಬಾಲ್‌ಪೆನ್ನು ತಂದು ಕೈಗಿಡಬೇಡ, ಅದರಲ್ಲಿ ಬರೆದರೆ ಅರ್ಜಿ ಆಗುತ್ತೆ. ಏನು ಬರೆಯುತ್ತಾಳೆ ಅಂತ ಕೇಳಬೇಕಾಗಿರಲಿಲ್ಲ, ಆ ಕೊನೇ ಮಾತು ಒಮ್ಮೆ ಬರೆದಿಟ್ಟರೆ ಮುಗಿಯಿತು, ಅಕ್ಕ ಹೊರಟು ನಿಂತ ಹಾಗೆ, ಆದ್ದರಿಂದ ಮೇಲಿನ ಗೂಡನ್ನು ಕಣ್ಣಾರೆ ನೋಡಿ ಕೆಳಗಿನ ಗೂಡಿನ ಪೇಲವ ಕಾರ್ಡನ್ನೇ ಆರಿಸಿಕೊಂಡು ಹೋದಳು, ಅಕ್ಕ ಹನಿ ಬಿಟ್ಟಳು, ಹನಿ ಎಂಟೂ ದಿಕ್ಕಿಗೆ ಕಾಲು ಚಾಚಿತು, ಇದರ ಮೇಲೆ ಮಗಳೇ ಅಂತ ಬರೆದರೆ ಜೇಡರಹುಳ ಆಗುತ್ತೆ ಅಂದಳು. ಎರಡನೇ ದಿನ ಫಳಫಳ ಹೊಳೆಯುವಂಥದ್ದು, ಇಂಕು ಒಣಗಲೇ ಇಲ್ಲ, ಅಕ್ಕನ ಅಂಗೈಯೆಲ್ಲ ನೀಲಿ. ಮೂರನೇ ದಿನ ನಾಲ್ಕೂ ಮೂಲೆಗೆ ಗುಲಾಬಿ, ಈ ಗುಲಾಬಿ ನಡುವೆ ನಾನು ಸಾಯಲ್ಲ ಕಣೇ ಅಂದಳು ಅಕ್ಕ, ನರ್ಸಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು, ಮಾರನೇ ಬೆಳಿಗ್ಗೆ ಗಾಲಿಮಂಚ ಬಂತು, ಅಕ್ಕ ಒಂದಕ್ಷರವನ್ನೂ ಬರೆಯದೆ ಹೋದಳು. ಹೋದಳು — ಹೊರಗಿನ ಬೆಂಚಿನ ಮೇಲೆ ಕೂತವಳಿಗೆ ಆಗ ಹೊಳೆದಿತ್ತು, ಏನು ಮಾಡಿಬಿಟ್ಟೆ, ಹೆಚ್ಚುಕಮ್ಮಿಯಾದರೆ ಹಾಸ್ಟೆಲಿನಿಂದ ಬರುವ ಆ ಹುಡುಗಿಯ ಕೈಗೆ ಏನು ಕೊಡಲಿ, ನಿಮ್ಮಮ್ಮ ಏನೂ ಹೇಳಲಿಲ್ಲ ಅನ್ನಲೇ, ಹೇಳಲು ಬಿಡದವಳು ನಾನು ಅನ್ನಲೇ, ನಾಲ್ಕು ಗಂಟೆ ಹೊತ್ತು ಕಣ್ಣ ಮುಂದೆ ಆ ಹನಿ, ಕಾಲು ಚಾಚುತ್ತ, ಚಾಚುತ್ತ. ಮೇಡಂ ಮೂರೇ ಸಾಕಾ, ಅಂಗಡಿಯವನು ಕೇಳುತ್ತಿದ್ದ, ಮೂರೇ ಸಾಕು, ಗಟ್ಟಿ ರಟ್ಟಿನ ನಡುವೆ ಇಟ್ಟುಕೊಡಿ, ಮಡಚಬಾರದು.

ಆಸ್ಪತ್ರೆಯ ಮೆಟ್ಟಿಲು ಎರಡೆರಡಾಗಿ ಹತ್ತಿದಳು, ಅಕ್ಕ ದಿಂಬಿಗೊರಗಿ ಕೂತಿದ್ದಳು, ತಲೆ ಬಾಚಿಕೊಂಡಿದ್ದಳು, ಕಾರ್ಡು ಕೈಗೆ ಬಂದದ್ದೇ ಅಲ್ಲಾಡಿಸಿದಳು, ಗಲಗಲ, ಕಿಟಕಿಗೆ ಹಿಡಿದಳು, ನಾಲಿಗೆಗೆ ತಾಗಿಸಿದಳು, ಪೆನ್ನು ಕೊಡು ಅಂದು ಹನಿ ಬಿಟ್ಟಳು, ಇಬ್ಬರೂ ಬಗ್ಗಿ ನೋಡಿದರು. ಇದು ಮೊದಲನೇ ದಿನವೂ ಅಂಗಡೀಲಿತ್ತಾ. ಇತ್ತು ಅಕ್ಕ. ನೋಡಿದ್ದೆಯಾ. ನೋಡಿದ್ದೆ. ಅದೇ ಅಂದ್ಕೊಂಡೆ, ನಿನಗೆ ಕಾಗದ ಕಲಿಸಿದವಳು ನಾನು, ಮೂರು ಮೂರು ಸಲ ಎಡವೋಳಲ್ಲ ನೀನು, ಕಳ್ಳಿ. ಮತ್ತೆ ಯಾಕೆ ಬೈಲಿಲ್ಲ. ಬೈದಿದ್ದರೆ ಒಳ್ಳೇದು ತಂದುಬಿಡ್ತಿದ್ದೆಯಲ್ಲ. ಎದೆಯ ಮೇಲಿದ್ದ ಕಲ್ಲು ಎಲ್ಲಿಗೆ ಉರುಳಿತೋ, ಮಂಚದ ಅಂಚಿಗೆ ಕೂತಳು, ಪೆನ್ನನ್ನು ಮತ್ತೆ ಅಕ್ಕನ ಬೆರಳ ಸಂದಿಗೆ ಸಿಕ್ಕಿಸಿದಳು, ಉಳಿದೆರಡು ಕಾರ್ಡನ್ನು ಮಡಿಲಿಗಿಟ್ಟಳು, ಈಗ ಬರಿ, ಅಕ್ಕ, ಆವತ್ತು ಏನೇನು ಬರೀಬೇಕು ಅಂತಿದ್ದೆಯೋ ಅಷ್ಟೂ ಬರಿ, ಮೂರನೇದನ್ನಾದರೂ ಬರಿ, ನಾನು ಆ ಕಡೆ ತಿರುಗಿ ಕೂತ್ಕೋತೀನಿ — ಅಕ್ಕ ಪೆನ್ನಿನ ಮುಚ್ಚಳ ತಿರುಗಿಸಿ ಹಾಕುತ್ತಿದ್ದಳು, ಕಾರ್ಡಿನ ನಡುವೆ ಹನಿ, ದುಂಡಗೆ, ನೀಲಿ, ಕಾಲು ಚಾಚದೆ, ಕಿಟಕಿಯಷ್ಟೂ ಬೆಳಕು ಹೊತ್ತು ನಿಂತ ಹನಿ, ಬರೆಯಲ್ಲ ಅಂದಳು ಅಕ್ಕ, ಒಂದಾದರೂ, ಬರೆಯಲ್ಲ ಅಂದ್ನಲ್ಲ, ಹನಿ, ನಿಂತೇ ಇದ್ದ ಹನಿ